ಹನ್ನೆರಡೇ ಕುದುರೆ

ರೇಸ್‌ಕೋರ್ಸ್ ರಸ್ತೆ ಹತ್ರ ಬೈ-ಟು ಕಾಫಿ. ಪಕ್ಕದ ಟೇಬಲ್ಲಲ್ಲಿ ಒಬ್ರು: ‘ಇಪ್ಪತ್ತು ಕುದುರೆ ಗುರೂ, ಫೀಲ್ಡ್ (ಓಡೋ ಕುದುರೆಗಳ ಗುಂಪು) ಸ್ಟ್ರಾಂಗು!’

ತಲೆ ಎಣಿಸಿದ್ರೆ ಸಾಕಾ? ಇಪ್ಪತ್ತರಲ್ಲಿ ಒಂದೆರಡು ಗೆಲ್ಲೋಕಲ್ಲ, ಬರೀ ಮುಂದೆ ಓಡಿ ಪೇಸ್ ಹಾಕಿಕೊಡೋಕೆ ಬಂದಿರಬಹುದು.

2019ರ ಪ್ಯಾರಿಸ್ ಆರ್ಕ್ ಅನ್ನೋ ದೊಡ್ಡ ರೇಸ್ ತಗೊಳ್ಳಿ. 2400 ಮೀಟರ್. ಓಡಿದ್ದು 12.
ಆದ್ರೆ ಯಾರ್ಯಾರು? ಎರಡು ಸಲ ಆರ್ಕ್ ಗೆದ್ದ ಎನೇಬಲ್. ಆ ವರ್ಷದ ಫ್ರೆಂಚ್ ಡರ್ಬಿ ಹೊಡೆದ ಸೊಟ್ಸಾಸ್. ಜೊತೆಗೆ ಜಪಾನ್, ಮ್ಯಾಜಿಕಲ್, ಗಯ್ಯತ್ ಅನ್ನೋ ಕುದುರೆಗಳು.

ಜಾಕಿ ಸೇರಿ ಕುದುರೆ ಹೊರೋ ತೂಕನೂ ನೋಡಿ. ಮೂರು ವರ್ಷದ ಗಂಡಿಗೆ 56.5 ಕೆಜಿ, ಐದು ವರ್ಷದ ಹೆಣ್ಣು ಎನೇಬಲ್‌ಗೆ 58, ಐದರ ಗಂಡು ವಾಲ್ಡ್‌ಗೈಸ್ಟ್‌ಗೆ 59.5.
ಮಳೆ ಬಿದ್ದು ನೆಲ ಮೆತ್ತಗೆ. ಕೊನೆ ನೇರದಲ್ಲಿ ಎನೇಬಲ್ ಮುಂದೆ. ಅಂಥ ನೆಲ ಬೇಗ ಮುನ್ನುಗ್ಗಿದ ಕುದುರೆಯ ದಮ್ಮು ಹೀರತ್ತೆ. ಹಿಂದೆ ಕಾದಿದ್ದ ವಾಲ್ಡ್‌ಗೈಸ್ಟ್, ಎಲ್ಲರಿಗಿಂತ ಭಾರ ಹೊತ್ತವರ ಸಾಲಿನಲ್ಲಿದ್ರೂ, ಸಲೀಸಾಗಿ ದಾಟ್ಕೊಂಡು ಹೋದ.

ಕಾಫಿ ಮಾತ್ರ ಆರಿಹೋಗಿತ್ತು.