ಹದಿನಾರೋ ಹದಿನೇಳೋ: ಬೀದರಿಗೆ ಒಂದು ಶನಿವಾರ

"ಓಪನ್ ಎಷ್ಟು ಬಂದಿದೆ?" ಎಂದು ಎದುರು ಸೀಟಿನ ಹಿರಿಯರು ಕೇಳಿದಾಗ ಬೀದರಿನ ಡೆಮು ಗಾಡಿ ಇನ್ನೂ ತಾಜಸುಲ್ತಾನಪುರವನ್ನೂ ದಾಟಿರಲಿಲ್ಲ. ನನ್ನ ತೊಡೆಯ ಮೇಲೆ ತೆರೆದಿದ್ದ ನೋಟ್‌ಬುಕ್ಕಿನಲ್ಲಿ 3–1, 2–0, 2–1, 2–2 ಎಂಬ ಅಂಕಿಗಳೇ ತುಂಬಿದ್ದವು. ಕಲಬುರಗಿ ಕಡೆ ಮುಂಜಾನೆ ಹೊತ್ತಿನಲ್ಲಿ ಅಂಕಿಗಳನ್ನು ದಿಟ್ಟಿಸುತ್ತ ಹುಬ್ಬು ಗಂಟಿಕ್ಕಿ ಕುಳಿತವನನ್ನು ಕಂಡರೆ ಯಾರಿಗಾದರೂ ಬರುವ ಅನುಮಾನ ಒಂದೇ.

"ಮಟ್ಕಾ ಅಲ್ಲ ಚಾಚಾ, ಫುಟ್‌ಬಾಲ್" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅಂದು 2024ರ ಡಿಸೆಂಬರ್ 7, ಶನಿವಾರ. ಸಂಜೆ ಏಳೂವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯ: ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ನಾನು ಹೊರಟಿದ್ದು ಕಂಠೀರವಕ್ಕಲ್ಲ, ಅದಕ್ಕೆ ಬೆನ್ನು ಮಾಡಿ ಬೀದರಿಗೆ. ಅಲ್ಲಿ ತ್ರಿಶ್ಶೂರಿನವರೊಬ್ಬರ ಬೇಕರಿ ಇದೆ. ಮೊದಲು ಅವರ ಅಂಗಡಿ ಕಲಬುರಗಿಯಲ್ಲಿ ನಮ್ಮ ಓಣಿಯ ಮೂಲೆಯಲ್ಲೇ ಇತ್ತು. ಹೆಸರಿಗಿಂತ 'ಚೇಟ್ಟ' ಎಂದೇ ಎಲ್ಲರಿಗೂ ಪರಿಚಿತರು. ಅವರು ಊರು ಬದಲಿಸಿದ ಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಪಂದ್ಯ ಕಂಠೀರವದಲ್ಲಿದ್ದರೆ ಅವರು ಕಲಬುರಗಿಗೆ ಬರಬೇಕು, ಕೊಚ್ಚಿಯಲ್ಲಿದ್ದರೆ ನಾನು ಬೀದರಿಗೆ ಹೋಗಬೇಕು. ಬೆಂಗಳೂರು ಸೋತರೆ ನಾನು ಒಂದು ಡಬ್ಬಿ ಮಾಲ್ಪುರಿ ಕೊಡಬೇಕು, ಕೇರಳ ಸೋತರೆ ಅವರು ಒಂದು ಕಿಲೋ ಬಾಳೆಕಾಯಿ ಚಿಪ್ಸ್ ಕೊಡಬೇಕು. ಆ ಲೆಕ್ಕದಲ್ಲಿ ಇದು ಅವರು ಬರಬೇಕಾದ ಸರದಿ. ಆದರೆ ಕ್ರಿಸ್‌ಮಸ್ ಕೇಕಿನ ಹಂಗಾಮಿನಲ್ಲಿ ಒಲೆ ಬಿಟ್ಟು ಬರಲಾಗದು ಎಂದು ಫೋನ್ ಮಾಡಿದ್ದರು. ಹಾಗಾಗಿ ತವರು ಪಂದ್ಯಕ್ಕೆ ನಾನೇ ಪರಸ್ಥಳಕ್ಕೆ ಹೊರಟಿದ್ದೆ. ಇನ್ನೊಂದು ಕಾರಣವೂ ಇತ್ತು. ಒಂದು ಕಿಲೋ ಚಿಪ್ಸ್ ಅವರಿಂದ ಬಾಕಿ ಬರಬೇಕಿತ್ತು, 2023ರ ಮಾರ್ಚ್‌ನಿಂದ.

ಈ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ ಕೊನೆಯಲ್ಲಿ. ಬೆಂಗಳೂರು ಎಫ್‌ಸಿ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್ ಬಿಟ್ಟು ಸೂಪರ್ ಲೀಗ್ ಸೇರಿದ್ದೂ ಅದೇ ಹಂಗಾಮಿನಲ್ಲಿ. ಎರಡೂ ತಂಡಗಳು ಮೊದಲ ಸಲ ಎದುರಾದದ್ದು ಆ ವರ್ಷದ ಕಟ್ಟಕಡೆಯ ದಿನ, ಡಿಸೆಂಬರ್ 31ರಂದು ಕೊಚ್ಚಿಯಲ್ಲಿ. ರೈಲು ಬರುವವರೆಗೆ ಬೀದರಿಗೆ ಹೋಗುವುದೆಂದರೆ ಹುಮನಾಬಾದ್ ದಾರಿಯ ಬಸ್ಸೇ ಗತಿ. ಈಗ ಸುಮಾರು 110 ಕಿಲೋಮೀಟರ್ ದೂರವನ್ನು ಕಿಟಕಿಗೆ ತಲೆ ಆನಿಸಿಕೊಂಡು ಕಳೆಯಬಹುದು. ಹೊರಗೆ ಕಪ್ಪು ನೆಲದ ಮೇಲೆ ತೊಗರಿ ಒಣಗುತ್ತ ನಿಂತಿತ್ತು, ಕೆಲವು ಹೊಲಗಳಲ್ಲಿ ಆಗಲೇ ಕಟಾವು ಶುರುವಾಗಿತ್ತು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿದಳು. ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದೇ ಈ ಹಣ್ಣಿನಿಂದ. ಚಾಚಾ ನಾಲ್ಕು ಕೊಂಡು ಎರಡನ್ನು ನನ್ನ ನೋಟ್‌ಬುಕ್ಕಿನ ಮೇಲೆಯೇ ಇಟ್ಟರು.

"ಈಗ ಹೇಳು ಬೇಟಾ, ಯಾರ ಮೇಲೆ ಯಾರು ಗೆದ್ದಿದ್ದಾರೆ?"

ಹೇಳಿದೆ. ಲೀಗ್‌ನಲ್ಲಿ ಈವರೆಗೆ ಹದಿನಾರು ಮುಖಾಮುಖಿ. ಬೆಂಗಳೂರಿಗೆ ಹತ್ತು ಗೆಲುವು, ಕೇರಳಕ್ಕೆ ನಾಲ್ಕು, ಎರಡು ಡ್ರಾ. ಕೊಚ್ಚಿಯ ಆ ಮೊದಲ ಪಂದ್ಯದಲ್ಲೇ ಬೆಂಗಳೂರು 3–1ರಿಂದ ಗೆದ್ದಿತು. ಅಷ್ಟು ಹೊತ್ತಿಗೆ ಹಗೆಗೆ ಬೇಕಾದ ಸೌದೆ ಸಿದ್ಧವಾಗಿತ್ತು. ಬೆಂಗಳೂರಿನ ನೀಲಿ ಅಂಗಿ ತೊಟ್ಟು ಆಡಿದ್ದ ಸಿ.ಕೆ. ವಿನೀತ್ ಮತ್ತು ರಿನೊ ಆಂಟೊ ಆ ವರ್ಷ ಕೇರಳದ ಹಳದಿ ಅಂಗಿಗೆ ಹೋಗಿದ್ದರು. ಕೇರಳದ ಅಭಿಮಾನಿ ಪಡೆ ಮಂಜಪ್ಪಡ ಒಂದು ಕಡೆ, ಕಂಠೀರವದ ವೆಸ್ಟ್ ಬ್ಲಾಕ್ ಬ್ಲೂಸ್ ಇನ್ನೊಂದು ಕಡೆ. ಕೇರಳದ ಮೊದಲ ಗೆಲುವು ಬಂದದ್ದು 2020ರ ಫೆಬ್ರವರಿಯಲ್ಲಿ, ಒಗ್ಬೆಚೆಯ ಎರಡು ಗೋಲುಗಳಿಂದ, ಅದೂ ಕೊಚ್ಚಿಯಲ್ಲಿ. ಕಂಠೀರವದಲ್ಲಿ ಲೀಗ್ ಪಂದ್ಯವನ್ನು ಅವರು ಅಂದಿನವರೆಗೆ ಒಂದು ಸಲವೂ ಗೆದ್ದಿರಲಿಲ್ಲ. 2019ರ ಫೆಬ್ರವರಿಯಲ್ಲಿ ಎರಡು ಗೋಲು ಮುಂದಿದ್ದರೂ 2–2ಕ್ಕೆ ಸಮಾಧಾನಪಟ್ಟುಕೊಂಡು ಹೋದರು.

ಚಾಚಾಗೆ ಇವು ಯಾವುವೂ ಅಷ್ಟು ರುಚಿಸಲಿಲ್ಲ. ರುಚಿಸಿದ್ದು ಒಂದೇ, 2021ರ ನವೆಂಬರ್ 28ರ ಡ್ರಾ. ಕೋವಿಡ್ ಕಾರಣ ಪಂದ್ಯಗಳೆಲ್ಲ ಗೋವಾದಲ್ಲಿ ನಡೆಯುತ್ತಿದ್ದ ಕಾಲ. ಮಲಪ್ಪುರಂ ಕಡೆಯ ಹುಡುಗ ಆಶಿಕ್ ಕುರುಣಿಯನ್ ಆಗ ಬೆಂಗಳೂರಿನ ಆಟಗಾರ. ಪಂದ್ಯ ಮುಗಿಯಲು ಆರೇಳು ನಿಮಿಷ ಇರುವಾಗ ತನ್ನ ನಾಡಿನ ತಂಡದ ಮೇಲೆ ಗೋಲು ಹೊಡೆದ. ನಾಲ್ಕು ನಿಮಿಷದೊಳಗೆ ಚೆಂಡನ್ನು ತನ್ನದೇ ತಂಡದ ಬಲೆಗೂ ತಳ್ಳಿಬಿಟ್ಟ. ಪಂದ್ಯ 1–1.

ಚಾಚಾ ಬಾಳೆಹಣ್ಣಿನ ಸಿಪ್ಪೆಯನ್ನು ಕಿಟಕಿಯಾಚೆ ಎಸೆದು ತೊಡೆ ತಟ್ಟಿಕೊಂಡು ನಕ್ಕರು. "ಅವನು ನಮ್ಮ ಕಡೆಯವನು! ನಾವೂ ಎರಡೂ ಕಡೆ ಆಡಿದವರೇ."

ಮರಗುತ್ತಿಯ ಸುರಂಗದೊಳಗೆ ಗಾಡಿ ಹೊಕ್ಕಿತು. ದೀಪ ಮಂಕಾಗಿ ಉರಿಯುತ್ತಿತ್ತು. ಆ ಅರೆಗತ್ತಲಲ್ಲೇ ಅವರು ಶುರು ಮಾಡಿದ್ದು.

ಅವರ ತಂದೆ ನೌಕರಿಗಾಗಿ ಹೈದರಾಬಾದಿನಲ್ಲಿದ್ದರಂತೆ. ಇವರ ಬಾಲ್ಯ ಅಲ್ಲಿಯೇ. ಆ ಕಾಲದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವೆಂದರೆ ದೇಶವೇ ನಡುಗುತ್ತಿತ್ತು. ಮುಂಬೈಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಬೇರೆಯವರ ಕೈಗೆ ಬಿಟ್ಟುಕೊಡಲಿಲ್ಲ. 1950ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಸೋಲಿಸಿತು. ತಂಡವನ್ನು ತಿದ್ದಿದವರು ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಮೇಷ್ಟ್ರು. ಡ್ರಿಬಲ್ ಮಾಡುವುದೇ ನಿಷಿದ್ಧವಾದ ಟೂರ್ನಿಗಳನ್ನು ಅವರು ನಡೆಸುತ್ತಿದ್ದರು, ಬಲವಿಲ್ಲದ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕಾದ ಟೂರ್ನಿಗಳನ್ನೂ. "ನಾವು ಹುಡುಗರು ಗಲ್ಲಿಯಲ್ಲಿ ಎಡಗಾಲಿನ ಆಟ ಆಡಿ ಆಡಿ ಚಪ್ಪಲಿಯ ಎಡಗಾಲೇ ಮೊದಲು ಹರಿಯುತ್ತಿತ್ತು" ಎಂದರು ಚಾಚಾ. ಆ ಮೇಷ್ಟ್ರೇ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟವರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ತಲುಪಿಸಿದವರು.

"ಐವತ್ತಾರು" ಎಂದು ಚಾಚಾ ಬೆರಳೆತ್ತಿದರು. "ನವೆಂಬರ್ ಒಂದನೆಯ ತಾರೀಖು ನಮ್ಮ ಗುಲ್ಬರ್ಗಾ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಒಂದು ತಿಂಗಳ ಮೇಲೆ ರೇಡಿಯೋದಲ್ಲಿ ಒಲಿಂಪಿಕ್ಸ್ ಸುದ್ದಿ ಕೇಳಿದೆವು. ನೂರ್ ಮಹಮ್ಮದ್, ಅಜೀಜುದ್ದೀನ್, ಬಲರಾಮ್, ಎಲ್ಲ ನಮ್ಮವರು. ನಮ್ಮವರು ಅಂತ ಅನ್ನಬೇಕೋ ಬೇಡವೋ ತಿಳಿಯಲಿಲ್ಲ."

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಐದು ಸಲ ಗೆದ್ದಿದೆ ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ನಾಲ್ಕು ಸಲ ಮೈಸೂರು ಎಂಬ ಹೆಸರಿನಲ್ಲಿ, ಐದನೆಯದು ರಿಯಾದ್‌ನಲ್ಲಿ 2023ರ ಮಾರ್ಚ್ 4ರಂದು, ಮೇಘಾಲಯದ ವಿರುದ್ಧ 3–2ರಿಂದ, ಐವತ್ತನಾಲ್ಕು ವರ್ಷಗಳ ನಂತರ.

"ಮೊದಲ ಎರಡು ಯಾವಾಗ?"

"1946–47 ಮತ್ತು 1952–53."

"ಆಗ ನಾವು ಹೈದರಾಬಾದಿನಲ್ಲಿದ್ದೆವು. ಅವು ನಿನ್ನವಲ್ಲ. 1956–57, 1957–58ರಲ್ಲಿ ಹೈದರಾಬಾದ್ ಗೆದ್ದಿತು. ಆಗ ನಾವು ಮೈಸೂರಿನಲ್ಲಿದ್ದೆವು. ಅವು ನನ್ನವಲ್ಲ." ಒಂದು ಕ್ಷಣ ಸುಮ್ಮನಿದ್ದು ಸೇರಿಸಿದರು, "ನಿನ್ನ ಪುಸ್ತಕದಲ್ಲಿ ಇದಕ್ಕೆ ಯಾವ ಕಾಲಮ್ಮು?"

ಉತ್ತರ ಹೊಳೆಯುವ ಮೊದಲೇ ಹುಮನಾಬಾದ್ ಬಂತು, ಅವರು ಇಳಿದರು. ಕಿಟಕಿಯ ಬಳಿ ಬಂದು, "ರಾತ್ರಿ ಯಾರು ಗೆದ್ದರೂ ಮಾಲ್ಪುರಿಯನ್ನು ನೀನೇ ತಿನ್ನು, ಹಳಸಿಹೋಗುತ್ತದೆ" ಎಂದರು. ನನ್ನ ಚೀಲದಿಂದ ತುಪ್ಪದ ವಾಸನೆ ಅಷ್ಟು ದೂರ ಬರುತ್ತಿತ್ತೇನೋ.

ಹುಮನಾಬಾದ್ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಕಪ್ಪು ಮಣ್ಣಿನವರಾದ ನಮಗೆ ಆ ಕೆಂಪು ಕಂಡಾಗ ಎದುರಾಳಿಯ ಅಂಗಳಕ್ಕೆ ಬಂದೆವು ಎನ್ನಿಸುವುದಕ್ಕೆ ಕಾರಣವಿಲ್ಲದಿಲ್ಲ. 1347ರಲ್ಲಿ ಬಹಮನಿಗಳಿಗೆ ಕಲಬುರಗಿಯೇ ರಾಜಧಾನಿ. ಅಹಮದ್ ಶಾಹ ಅದನ್ನು ಬೀದರಿಗೆ ಹೊತ್ತೊಯ್ದ. ಚೇಟ್ಟ ಈ ಮಣ್ಣಿನವರಲ್ಲದಿದ್ದರೂ ನನ್ನನ್ನು ಕೆಣಕಲು ಈ ಸಂಗತಿಯನ್ನು ಕಲಿತಿಟ್ಟುಕೊಂಡಿದ್ದಾರೆ. "ರಾಜಧಾನಿಯನ್ನೇ ಉಳಿಸಿಕೊಳ್ಳಲಿಲ್ಲ, ಟ್ರೋಫಿ ಉಳಿಸಿಕೊಳ್ಳುತ್ತೀರಾ ಮಾಸ್ತರೇ?" ಎನ್ನುತ್ತಾರೆ.

ಸಂಜೆಯವರೆಗೆ ಸಮಯವಿತ್ತು. ಕೋಟೆಯನ್ನು ಹಿಂದೆ ಎಷ್ಟೋ ಸಲ ನೋಡಿದ್ದರಿಂದ ಈ ಸಲ ಬಿಟ್ಟೆ. ಮಹಮೂದ್ ಗಾವಾನನ ಮದರಸಾಕ್ಕೆ ಮಾತ್ರ ಹೋದೆ. ಉಳಿದಿರುವುದು ಒಂದೇ ಮಿನಾರು, ಅದರ ಮೈಮೇಲೆ ಅಲ್ಲಲ್ಲಿ ನೀಲಿ, ಹಳದಿ ಹೆಂಚುಗಳು. ಇನ್ನೊಂದು ಮಿನಾರು ನಿಂತಿದ್ದ ಜಾಗವನ್ನು ಕಣ್ಣು ತಾನೇ ತುಂಬಿಸಿಕೊಳ್ಳುತ್ತದೆ. ನೀಲಿ ಹೆಚ್ಚೋ ಹಳದಿ ಹೆಚ್ಚೋ ಎಂದು ಎಣಿಸುತ್ತ ನಿಂತಿದ್ದೇನೆ ಎಂದು ಅರಿವಾದಾಗ ನನ್ನ ಮೇಲೆ ನನಗೇ ನಗು ಬಂತು.

ಬೇಕರಿಯ ಹಿಂದಿನ ಕೋಣೆಯಲ್ಲಿ ಟಿವಿ. ಒಂದು ಕಡೆ ಕೇಕಿನ ಅಚ್ಚುಗಳ ರಾಶಿ, ಇನ್ನೊಂದು ಕಡೆ ಮೈದಾ ಚೀಲಗಳು. ನಾನು ಕೂತದ್ದು ಚೀಲದ ಮೇಲೆ. ಚೇಟ್ಟ ಹಳದಿ ಅಂಗಿ ಹಾಕಿದ್ದರು, ಮುಂಗೈವರೆಗೆ ಹಿಟ್ಟು. ಪಂದ್ಯಕ್ಕೆ ಮೊದಲು ಲೆಕ್ಕ ಸರಿಪಡಿಸಿಕೊಳ್ಳುವುದು ನಮ್ಮ ಪದ್ಧತಿ. ಅವರು ಬೇಕರಿಯ ಉದ್ದರಿ ಪುಸ್ತಕದ ಕೊನೆಯ ಹಾಳೆ ತೆರೆದರು. ಅದರಲ್ಲಿ ಬೆಂಗಳೂರಿಗೆ ಒಂಬತ್ತು, ಕೇರಳಕ್ಕೆ ನಾಲ್ಕು, ಡ್ರಾ ಎರಡು, ಒಟ್ಟು ಹದಿನೈದು.

"ಹದಿನಾರು" ಎಂದೆ.

"ಹದಿನೈದು."

ಜಗಳ 2023ರ ಮಾರ್ಚ್ 3ರದ್ದು, ಕರ್ನಾಟಕ ರಿಯಾದ್‌ನಲ್ಲಿ ಟ್ರೋಫಿ ಎತ್ತಿದ ಹಿಂದಿನ ದಿನದ್ದು. ಕಂಠೀರವದಲ್ಲಿ ಪ್ಲೇ ಆಫ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲನೆ ಬಲೆಗೆ ಕಳಿಸಿದ. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ತಂಡ ಮರಳಲಿಲ್ಲ, ಪಂದ್ಯ 1–0 ಎಂದು ಬೆಂಗಳೂರಿನ ಪಾಲಾಯಿತು. ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ಹೇರಿತು.

ಚೇಟ್ಟನ ವಾದ ಸರಳ. ಆಡಿ ಮುಗಿಸದ ಪಂದ್ಯ ಪಂದ್ಯವಲ್ಲ. ಸೀಟಿ ಊದದೆ ಒದ್ದದ್ದು ಗೋಲಲ್ಲ. ನನ್ನದೂ ಸರಳ. ನಿಯಮದ ಪ್ರಕಾರ ತ್ವರಿತ ಫ್ರೀ ಕಿಕ್‌ಗೆ ಸೀಟಿ ಬೇಕಿಲ್ಲ. ನಿಜ ಹೇಳಬೇಕೆಂದರೆ, ಅಂದು ರಾತ್ರಿ ಆ ಗೋಲು ನೋಡಿ ನಾನು ಕುಣಿಯಲಿಲ್ಲ. ಚೆಟ್ರಿಯಂಥವನು ಬಾಗಿಲು ತಟ್ಟಿ ಒಳಗೆ ಬರಬಹುದಿತ್ತು, ಕಿಟಕಿಯಿಂದ ಬಂದ ಎನ್ನಿಸಿತ್ತು. ಇದನ್ನು ಚೇಟ್ಟನಿಗೆ ಈವರೆಗೆ ಹೇಳಿಲ್ಲ. ಹೇಳಿದರೆ ಚಿಪ್ಸ್ ಶಾಶ್ವತವಾಗಿ ಮುಳುಗಿದಂತೆಯೇ.

ಪಂದ್ಯ ಶುರುವಾಗಿ ಎಂಟನೆಯ ನಿಮಿಷಕ್ಕೇ ಚೆಟ್ರಿಯ ಗೋಲು. ಅರ್ಧ ವಿರಾಮಕ್ಕೆ ಮೊದಲು ರಯಾನ್ ವಿಲಿಯಮ್ಸ್ ಇನ್ನೊಂದು ಸೇರಿಸಿದ. ಚೇಟ್ಟ ಎದ್ದು ಒಲೆ ನೋಡಲು ಹೋದರು, ಬೇಗ ಬರಲಿಲ್ಲ. ವಿರಾಮದ ನಂತರ ಹೆಸುಸ್ ಹಿಮೆನೆಜ್ ಒಂದು ಹೊಡೆದ, ಫ್ರೆಡ್ಡಿ ಇನ್ನೊಂದು ಹೊಡೆದ, 2–2. ಆಗ ಚೇಟ್ಟ ನನ್ನ ಭುಜದ ಮೇಲೆ ಕೈ ಇಟ್ಟರು. ನೀಲಿ ಅಂಗಿಯ ಮೇಲೆ ಐದು ಬೆರಳಿನ ಮೈದಾ ಗುರುತು ಮೂಡಿತು.

ನಮ್ಮ ಟಿವಿ ಕ್ರೀಡಾಂಗಣಕ್ಕಿಂತ ಅರ್ಧ ನಿಮಿಷವಾದರೂ ಹಿಂದೆ ಓಡುತ್ತಿತ್ತು. ಚೇಟ್ಟನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಂದು ಗ್ಯಾಲರಿಯಲ್ಲೇ ಇದ್ದ. ಎಪ್ಪತ್ತೆರಡನೆಯ ನಿಮಿಷದ ಹೊತ್ತಿಗೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಚೆಂಡು ಇನ್ನೂ ಮಧ್ಯದ ಗೆರೆಯ ಸುತ್ತ ತಿರುಗುತ್ತಿತ್ತು. ಚೇಟ್ಟ ಫೋನ್ ನೋಡಿದರು, ನಾನು ಚೇಟ್ಟನ ಮುಖ ನೋಡಿದೆ. ಚೆಟ್ರಿಯ ಎರಡನೆಯ ಗೋಲನ್ನು ನಾನು ಮೊದಲು ಕಂಡದ್ದು ಅಲ್ಲಿ. ಟಿವಿಯಲ್ಲಿ ಅದು ಬರುವಷ್ಟರಲ್ಲಿ ಅವರು ಫೋನನ್ನು ಮೈದಾ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದ್ದರು. ಕೊನೆಯ ಗಳಿಗೆಯಲ್ಲಿ ಮೂರನೆಯದನ್ನೂ ಹೊಡೆದು ಚೆಟ್ರಿ 4–2 ಮಾಡಿದ. ಅಷ್ಟು ವಯಸ್ಸಿಗೆ ಈ ಲೀಗ್‌ನಲ್ಲಿ ಹ್ಯಾಟ್ರಿಕ್ ಹೊಡೆದವರು ಬೇರಾರೂ ಇಲ್ಲ, ಅವನಿಗೆ ನಲವತ್ತು ತುಂಬಿತ್ತು.

"ಆ ಮುದುಕ ಇನ್ನೂ ಎಷ್ಟು ವರ್ಷ ಆಡುತ್ತಾನೆ?" ಎಂದರು ಚೇಟ್ಟ. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಸೋಲಿನ ಶಾಸ್ತ್ರಕ್ಕೆಂದು ತಂದಿದ್ದ ಮಾಲ್ಪುರಿಯನ್ನು ಇಬ್ಬರೂ ಕೂತು ಮುಗಿಸಿದೆವು. ಚಾಚಾ ಹೇಳಿದ್ದು ಸರಿ, ಇನ್ನೊಂದು ದಿನವಾಗಿದ್ದರೆ ಹಳಸಿಹೋಗುತ್ತಿತ್ತು.

ಆಮೇಲೆ ಪುಸ್ತಕಗಳು ಹೊರಗೆ ಬಂದವು. ನಾನು ಹದಿನೇಳು ಎಂದು ಬರೆದು ಗೆರೆ ಎಳೆದೆ. ಅವರು ಹದಿನಾರು ಎಂದು ಬರೆದು ಗೆರೆ ಎಳೆದರು. ಎದ್ದು ಹೋಗಿ ತಕ್ಕಡಿಯಲ್ಲಿ ಚಿಪ್ಸ್ ತೂಗಿದರು. ಮುಳ್ಳು ಒಂದು ಕಿಲೋ ಮೇಲೆ ನಿಂತಾಗ ನಾಲ್ಕು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಪೊಟ್ಟಣ ಕಟ್ಟಿದರು.

"ಇನ್ನೊಂದು ಕಿಲೋ?" ಎಂದೆ.

"ಯಾವ ಪಂದ್ಯದ್ದು ಮಾಸ್ತರೇ?" ಎಂದು ಚೇಟ್ಟ ಅಂಗಡಿಯ ದೀಪ ಆರಿಸಿದರು.