ರಿವಾರ್ಡ್ ಪಾಯಿಂಟಿನ ಅಸಲಿ ಬೆಲೆ

ಬ್ಯಾಂಕುಗಳು ಕ್ರೆಡಿಟ್ ಕಾರ್ಡಿನ ಪಾಯಿಂಟುಗಳ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಸಾರುತ್ತವೆಯೇ ಹೊರತು, ಒಂದು ಪಾಯಿಂಟಿಗೆ ಎಷ್ಟು ಪೈಸೆ ಸಿಗುತ್ತದೆ ಎಂಬುದನ್ನು ಅಷ್ಟು ಎದ್ದುಕಾಣುವಂತೆ ಹೇಳುವುದಿಲ್ಲ. ನೂರು ರೂಪಾಯಿ ಖರ್ಚಿಗೆ 4 ಪಾಯಿಂಟ್ ಸಿಕ್ಕಿ, ಪಾಯಿಂಟಿನ ಬೆಲೆ 25 ಪೈಸೆಯಾದರೆ ಕೈಗೆ ಬರುವುದು ಶೇ. 1 ಮಾತ್ರ, 2 ಪಾಯಿಂಟ್ ಕೊಟ್ಟು ತಲಾ 1 ರೂಪಾಯಿ ಬೆಲೆ ಕಟ್ಟುವ ಕಾರ್ಡು ಅದಕ್ಕಿಂತ ಇಮ್ಮಡಿ ಲಾಭದ್ದು. ಅದೇ ಪಾಯಿಂಟಿಗೆ ಕಾರ್ಡಿನ ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಒಂದು ಬೆಲೆ, ವಿಮಾನದ ಟಿಕೆಟಿಗೆ ಬಳಸಿದರೆ ಇನ್ನೊಂದು ಬೆಲೆ ಇರುವುದೂ ಸಾಮಾನ್ಯ. ಪಾಯಿಂಟುಗಳನ್ನು ಹೀಗೆ ಬದಲಾಯಿಸಿಕೊಳ್ಳಲು ಪ್ರತಿ ಸಲ 99 ರೂಪಾಯಿ ಶುಲ್ಕವಿದ್ದರೆ, ಶೇ. 18 ಜಿಎಸ್‌ಟಿ ಸೇರಿ ಸುಮಾರು 117 ರೂಪಾಯಿ ಹೋಗುವುದರಿಂದ, ನಾನು ಅವನ್ನು ಕೂಡಿಟ್ಟು, ಅವಧಿ ಮುಗಿಯುವ ಮೊದಲು ಒಮ್ಮೆಲೇ ಬಳಸುತ್ತೇನೆ.

ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕುವ ಹಣ ಇವುಗಳಿಗೆ ಅನೇಕ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ. ಬಂಕಿನಲ್ಲಿ ಕಾರ್ಡ್ ಬಳಸಿದ್ದಕ್ಕೆ ಹಾಕುವ ಶೇ. 1ರ ಹೆಚ್ಚುವರಿ ಶುಲ್ಕವಾದ ಸರ್‌ಚಾರ್ಜನ್ನು ಬ್ಯಾಂಕ್ ಮರಳಿಸಿದರೂ ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ; ಸ್ಟೇಟ್‌ಮೆಂಟಿನಲ್ಲಿ ಅದು ಚಿಲ್ಲರೆ ಪೈಸೆಗಳಾಗಿ ಕುಳಿತಿರುತ್ತದೆ. (ಹೆಚ್ಚಿನವರು ಆ ಸಾಲನ್ನು ಓದುವುದೇ ಇಲ್ಲ.)

ಇಷ್ಟೆಲ್ಲ ಲೆಕ್ಕಾಚಾರವೂ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವವರಿಗೆ ಮಾತ್ರ ಅನ್ವಯಿಸುತ್ತದೆ. ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಬಾಕಿ ಉಳಿಸಿಕೊಂಡರೆ, ತಿಂಗಳಿಗೆ ಶೇ. 3.5ರಂತೆ, ಅಂದರೆ ವರ್ಷಕ್ಕೆ ಶೇ. 42ರ ಆಸುಪಾಸಿನ ಬಡ್ಡಿಯೂ ಅದರ ಮೇಲೆ ಜಿಎಸ್‌ಟಿಯೂ ಬೀಳುವಲ್ಲಿ, ಶೇ. 2ರ ಪಾಯಿಂಟು ಯಾವ ಮೂಲೆಗೆ?