ಕೆಳತುದಿಯ ಸಣ್ಣಕ್ಷರ

"ವಿಷಯಕ್ಕೆ 50, ವಿನ್ಯಾಸಕ್ಕೆ 50 ಸಾರ್. ವಿಷಯ ಮೇಷ್ಟ್ರು ನೋಡ್ಕೋತಾರೆ, ನೀವು ವಿನ್ಯಾಸ ನೋಡಿದ್ರೆ ಸಾಕು" ಅಂತ ಕಾಲೇಜಿನ ಮೇಡಂ ಫೋನಿನಲ್ಲಿ ಹೇಳಿದಾಗ ನನಗೆ ನಿರಾಳವೇ ಆಗಿತ್ತು. ರಾಜಕೀಯದ ಬರಹ ಸರಿಯೋ ತಪ್ಪೋ ಅಂತ ತೀರ್ಪು ಕೊಡುವ ಉಸಾಬರಿ ಯಾರಿಗೆ ಬೇಕು? ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡವನು ನಾನು. ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಅಕ್ಷರ ಎಲ್ಲಿ ಕೂರಬೇಕು ಅನ್ನುವುದು ನನಗೆ ಗೊತ್ತು. ಅದು ಏನು ಹೇಳಬೇಕು ಅನ್ನುವುದು ಗಿರಾಕಿಯ ತಲೆನೋವು.

ಜುಲೈ ಕೊನೆಯ ವಾರ. ಸಾಗರದಲ್ಲಿ ಪದವಿ ವಿದ್ಯಾರ್ಥಿಗಳ ಭಿತ್ತಿಪತ್ರಿಕೆ ಸ್ಪರ್ಧೆ. 'ನಮ್ಮ ಸೀಮೆಯ ರಾಜಕೀಯ' ಅಂತ ವಿಷಯ ಕೊಟ್ಟಿದ್ದರು. ಬಸ್ಸು ಹತ್ತುವಾಗ ಜಿಟಿಜಿಟಿ ಇದ್ದದ್ದು ಕುಂಸಿ ದಾಟುವಾಗ ಜೋರಾಯಿತು. ಆನಂದಪುರದ ಹೊತ್ತಿಗೆ ಕಿಟಕಿಗಳನ್ನೆಲ್ಲ ಮುಚ್ಚಿ ಹಗಲಲ್ಲೇ ಕತ್ತಲು ಮಾಡಿಕೊಂಡು ಕೂತಿದ್ದೆವು. ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಕೊಡೆಗಳ ರಾಶಿ, ಒಳಗೆ ಒದ್ದೆ ಸಾಕ್ಸಿನ ವಾಸನೆ. ಗೋಡೆಯುದ್ದಕ್ಕೂ ಸುತಳಿ ಕಟ್ಟಿ ಹನ್ನೊಂದು ಡ್ರಾಯಿಂಗ್ ಶೀಟುಗಳನ್ನು ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದರು. ಥಂಡಿಗೆ ಎಲ್ಲದರ ಮೂಲೆಯೂ ಹಪ್ಪಳದ ಹಾಗೆ ಮುದುರಿತ್ತು.

ಮೇಷ್ಟ್ರು ಆಗಲೇ ಬಂದು ಕೂತಿದ್ದರು. ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರು ಮೊದಲ ಹಾಳೆಗೆ ಮೂಗು ತಾಗಿಸಿ ಓದತೊಡಗಿದರೆ ನಾನು ಹತ್ತಡಿ ಹಿಂದೆ ಸರಿದು ನಿಂತೆ. ನನ್ನದೊಂದು ಹಳೆಯ ಪದ್ಧತಿಯಿದೆ. ಕಣ್ಣನ್ನು ಅರ್ಧ ಮುಚ್ಚಿ, ಅಕ್ಷರ ಓದಲಾಗದಷ್ಟು ಮಸುಕು ಮಾಡಿಕೊಂಡು ಹಾಳೆ ನೋಡುವುದು. ಆಗ ಕಪ್ಪು ಎಷ್ಟು, ಬಿಳಿ ಎಷ್ಟು, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಜಾರುತ್ತದೆ ಅನ್ನುವುದಷ್ಟೇ ಕಾಣುತ್ತದೆ.

ಹಾಗೆ ನೋಡಿದಾಗ ಒಂದು ಹಾಳೆ ಗೋಡೆಯಿಂದ ಎದ್ದು ಬಂದಂತಿತ್ತು. ಗಾಢ ಹಸಿರು ಬಣ್ಣ ಬಳಿದ ಹಿನ್ನೆಲೆ, ನಡುವೆ ಸಿಂಗಳೀಕದ ಮುಖ, ಸುತ್ತ ಬೆಳ್ಳಗಿನ ಕೇಸರ, ನೇರ ನಮ್ಮನ್ನೇ ನೋಡುವ ಕಣ್ಣು. ಮೇಲೆ ಒಂದೇ ಸಾಲು: 'ನಮ್ಮ ಮನೆ ಯಾರ ಕರೆಂಟಿಗೆ?' ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಬೇಡ ಅನ್ನುವ ಹಾಳೆ. ನನ್ನ ಅಂಗಡಿಯ ಹುಡುಗರು ವಾರ ಕೂತರೂ ಇಂಥದ್ದು ಮಾಡಲಾರರು. 50ಕ್ಕೆ 46 ಬರೆದುಬಿಟ್ಟೆ.

ಕಾಗೋಡಿನ ಹಾಳೆಯೂ ಚೆನ್ನಾಗಿತ್ತು. ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡ 1951ರ ಸತ್ಯಾಗ್ರಹ, ಬೆಂಬಲಕ್ಕೆ ಬಂದ ಲೋಹಿಯಾ ಬಂಧನ, ಮರುವರ್ಷ ಇದೇ ಕ್ಷೇತ್ರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರು, 1974ರಲ್ಲಿ ಗೇಣಿದಾರನಿಗೆ ಭೂಮಿ ಕೊಟ್ಟ ತಿದ್ದುಪಡಿ. ಇದನ್ನೆಲ್ಲ ಹೇಳಲು ಇಬ್ಬರು ಹುಡುಗರು ಮಾಡಿದ್ದು ಇಷ್ಟೇ: ಚಿಕ್ಕದೊಂದು, ದೊಡ್ಡದೊಂದು ಕೊಳಗ ಬರೆದು, ಬರಹವನ್ನು ಅವುಗಳೊಳಗೆ ಭತ್ತದ ಹಾಗೆ ತುಂಬಿದ್ದರು. ಅದಕ್ಕೆ 44.

ಈಸೂರಿನ ಹಾಳೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನುವುದನ್ನೇ ಮುಕ್ಕಾಲು ಹಾಳೆ ಕೆಂಪಗೆ ಬರೆದು, 1942ರ ಕಥೆಯನ್ನೂ ಗಲ್ಲಿಗೇರಿದ ಐವರನ್ನೂ ಕೆಳಗಿನ ನಾಲ್ಕು ಬೆರಳು ಜಾಗದಲ್ಲಿ ಇರುಕಿಸಿದ್ದರು. ಮತದಾನದ ಲೆಕ್ಕ ತೋರಿಸಿದ ಇನ್ನೊಂದು ಹಾಳೆಯಲ್ಲಿ ಎರಡು ಕಂಬ. ಹಿಂದಿನ ಚುನಾವಣೆಗೂ ಈಚಿನದಕ್ಕೂ ಶೇಕಡಾ ಎರಡರಷ್ಟೇ ವ್ಯತ್ಯಾಸ, ಆದರೆ ಕಂಬ ಮೂರು ಪಾಲು ಎತ್ತರ. ಗೆರೆಯನ್ನು ಸೊನ್ನೆಯ ಬದಲು 75ರಿಂದ ಶುರು ಮಾಡಿದ್ದರು. ಟಿವಿ ನೋಡಿ ಕಲಿತದ್ದಿರಬೇಕು.

ಮುಖ್ಯಮಂತ್ರಿಗಳ ಹಾಳೆಯ ಮುಂದೆ ಮೇಷ್ಟ್ರು ನನ್ನನ್ನು ಕರೆದರು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ, ನಾಲ್ಕು ಫೋಟೋ. ಮಂಜಪ್ಪನವರದ್ದು ಅಂಚೆಚೀಟಿಯಷ್ಟು, ಉಳಿದವರದ್ದು ಅಂಗೈಯಗಲ. 1956ರಲ್ಲಿ ಮೂರು ತಿಂಗಳೂ ತುಂಬದೆ ಇಳಿದವರಲ್ಲವಾ, ಅಧಿಕಾರದ ಅವಧಿಗೆ ತಕ್ಕಂತೆ ಫೋಟೋ ಅಳೆದಿದ್ದಾರೆ, ಎಂಥ ಯೋಚನೆ ಅಂತ ನಾನು ಮೆಚ್ಚಿಕೊಂಡೆ. ಹುಡುಗ ಪಕ್ಕದಲ್ಲೇ ಇದ್ದ. "ಹಂಗೇನಿಲ್ಲ ಸಾರ್, ಅವ್ರದ್ದು ಸಿಕ್ಕಿದ್ದೇ ಅಷ್ಟು" ಅಂದ.

ಮೇಷ್ಟ್ರ ತಕರಾರು ಬೇರೆ. ಪಟೇಲರ ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದೆ, ಅವರನ್ನು ನಮ್ಮವರು ಅನ್ನಬಹುದೋ ಇಲ್ಲವೋ? ಕೇಳಿದವರೂ ಅವರೇ, ಉತ್ತರ ಕೊಟ್ಟವರೂ ಅವರೇ. "ಅಲ್ಲ ಮಾರಾಯ್ರೇ, ಅವರು ಮುಖ್ಯಮಂತ್ರಿ ಆದದ್ದು 96ರಲ್ಲಿ, ದಾವಣಗೆರೆ ಜಿಲ್ಲೆ ಆದದ್ದು 97ರಲ್ಲಿ. ಅವರ ಸರ್ಕಾರವೇ ಅವರನ್ನು ಪಕ್ಕದ ಜಿಲ್ಲೆಗೆ ದಾಟಿಸಿದ್ದು. ನಮ್ಮವರೇ ಬಿಡಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಮಲೆನಾಡಿನ ಜುಲೈನಲ್ಲಿ ಅದೇನು ಸುದ್ದಿಯಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಡುವ ಲಿಂಗನಮಕ್ಕಿ ಇದೇ ತಾಲ್ಲೂಕಿನಲ್ಲಿದೆ ಅಂತ ಯಾರೋ ಎಂದಿನಂತೆ ಗೊಣಗಿದರು. ಕಿಟಕಿಯಾಚೆ ಮೋಡ ಅಟ್ಟಕ್ಕೆ ತಾಗುವಷ್ಟು ಇಳಿದಿತ್ತು. ಮಧ್ಯಾಹ್ನ ಒಂದೂವರೆಗೆ ಹತ್ತಡಿಯಿಂದ ನೋಡಿದರೆ ಗೋಡೆಯ ಮೇಲೆ ಹನ್ನೊಂದು ಬೂದು ಚೌಕ, ಅಷ್ಟೇ. ಕಾಯ್ದೆವು. ಟೀ ಬಂತು, ಜತೆಗೆ ಒಗ್ಗರಣೆ ಮಂಡಕ್ಕಿ. ಕರೆಂಟು ಬರಲಿಲ್ಲ. ಕೊನೆಗೆ ಮೊಬೈಲಿನ ಟಾರ್ಚು ಹಚ್ಚಿ ಹತ್ತಿರ ಹೋದೆ.

ಟಾರ್ಚಿನ ಬೆಳಕಿಗೆ ಹಾಳೆ ಪೂರ್ತಿ ಕಾಣುವುದಿಲ್ಲ. ತಟ್ಟೆಯಗಲದ ಬೆಳಕಿನಲ್ಲಿ ಒಂದೊಂದೇ ಸಾಲು. ಹಾಗಾಗಿ ಓದುವುದೊಂದೇ ದಾರಿ. ಸಿಂಗಳೀಕದ ಹಾಳೆಯಲ್ಲಿ ಓದಲು ಐದೇ ಸಾಲಿತ್ತು. ಎರಡನೆಯ ಸಾಲಿನಲ್ಲಿ 'ಈ ಯೋಜನೆಗಾಗಿ ಹೊಸ ಅಣೆಕಟ್ಟು ಕಟ್ಟಿ ಕಾಡನ್ನೆಲ್ಲ ಮುಳುಗಿಸುತ್ತಾರೆ' ಅಂತ ಇತ್ತು.

"ಇದು ಸುಳ್ಳು" ಅಂದರು ಮೇಷ್ಟ್ರು, ಹಿಂದಿನಿಂದ. "ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಎರಡೂ ಈಗಾಗಲೇ ಇರೋ ಜಲಾಶಯ. ನಡುವೆ ಸುರಂಗ ಕೊರೆದು ನೀರನ್ನ ಮೇಲಕ್ಕೆತ್ತಿ ಇಳಿಸಿ 2000 ಮೆಗಾವಾಟ್ ತೆಗೀತೀವಿ ಅಂತಾರೆ. ನಾನೂ ಇದಕ್ಕೆ ವಿರೋಧಿಯೇ. ಅಭಯಾರಣ್ಯದೊಳಗೆ ಸುರಂಗ, ರಸ್ತೆ, ಕಡಿಯೋ ಮರ, ವಿರೋಧಕ್ಕೆ ನಿಜವಾದ ಕಾರಣವೇ ರಾಶಿ ಇದೆ. ಸುಳ್ಳು ಎಂತಕ್ಕೆ ಬೇಕಿತ್ತು?"

ನಾನು ಟಾರ್ಚು ಕೆಳಗಿಳಿಸಿದೆ. ಬರೆದವರು ಯಾರು ನೋಡೋಣ ಅಂತ. ಕೆಳತುದಿಯಲ್ಲಿ, ಹಸಿರಿನ ಮೇಲೆ ಕಪ್ಪು ಶಾಯಿಯಲ್ಲಿ ಕಂಡೂ ಕಾಣದಂತೆ ಬರೆದಿತ್ತು: 'ಪ್ರಜ್ಞಾವಂತ ನಾಗರಿಕರು'.

ಮಂಡಕ್ಕಿಯ ಹಸಿಮೆಣಸು ಆಗ ಗಂಟಲಿಗೆ ಹತ್ತಿತೋ ಏನೋ, ಕೆಮ್ಮು ಬಂತು.

2004ರ ಚುನಾವಣೆ. ಮತದಾನಕ್ಕೆ ಮೂರು ದಿನ ಇರುವಾಗ ರಾತ್ರಿ ಒಂಬತ್ತಕ್ಕೆ ಪರಿಚಯದವರೊಬ್ಬರು ಮ್ಯಾಟರ್ ತಂದರು. ಒಬ್ಬ ಅಭ್ಯರ್ಥಿಯ ಮೇಲೆ ಎಂಟು ಪ್ರಶ್ನೆ. ಪಕ್ಷ ಯಾವುದು, ಅಭ್ಯರ್ಥಿ ಯಾರು ಅನ್ನುವುದು ಈಗ ಬೇಡ. ನಾನು ಆ ಎಂಟು ಪ್ರಶ್ನೆ ನಿಜವೋ ಸುಳ್ಳೋ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಿದ್ದು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಹಾಕುವುದೋ, ಪ್ರಶ್ನಾರ್ಥಕ ಚಿಹ್ನೆಯನ್ನು ಪುಟದಷ್ಟು ಎತ್ತರಕ್ಕೆ ಎಳೆಯುವುದೋ ಅಂತ. ಎಳೆದೆ. ಚೆನ್ನಾಗಿ ಬಂತು. ಕೊನೆಗೆ ಪ್ರೆಸ್ಸಿನ ಹೆಸರು, ಪ್ರಕಾಶಕರ ಹೆಸರು ಹಾಕಬೇಕಲ್ಲ ಅಂದೆ. "ಅದೆಲ್ಲ ಬೇಡ, ಪ್ರಜ್ಞಾವಂತ ಮತದಾರರು ಅಂತ ಹಾಕು ಸಾಕು" ಅಂದರು.

ಕಾನೂನು ನನಗೆ ಗೊತ್ತಿರಲಿಲ್ಲ ಅಂತಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಪ್ರೆಸ್ಸು ಇಟ್ಟವರಿಗೆಲ್ಲ ಬಾಯಿಪಾಠ. ಚುನಾವಣೆಯ ಕರಪತ್ರದ ಮೇಲೆ ಮುದ್ರಕ, ಪ್ರಕಾಶಕ ಇಬ್ಬರದ್ದೂ ಹೆಸರು ವಿಳಾಸ ಇರಲೇಬೇಕು. ಅಚ್ಚಿಗೆ ಮೊದಲು ಪ್ರಕಾಶಕ ತಾನು ಯಾರು ಅಂತ ಸಹಿ ಹಾಕಿ, ಪರಿಚಯದ ಇಬ್ಬರಿಂದ ದೃಢೀಕರಿಸಿ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಷ್ಟು ಗೊತ್ತಿದ್ದೂ ಬಟರ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಪಕ್ಕದ ಬೀದಿಯ ಪ್ರೆಸ್ಸಿಗೆ ಕೊಟ್ಟೆ. ಅವರು ನನ್ನ ಮೇಲಿನ ನಂಬಿಕೆಯಿಂದ ಕೆಳತುದಿ ನೋಡದೆ ಪ್ಲೇಟು ಮಾಡಿಸಿದರು. ಮರುದಿನ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಕಾಲಿಗೆ ಸಿಕ್ಕ ಒಂದು ಪ್ರತಿ ಎತ್ತಿಕೊಂಡು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ ಹೆಮ್ಮೆಪಟ್ಟೆ. ಸಂಜೆ ಅಧಿಕಾರಿಗಳು ಬಂದದ್ದು ನನ್ನ ಅಂಗಡಿಗಲ್ಲ, ಪ್ರೆಸ್ಸಿಗೆ. ಉಳಿದ ಬಂಡಲುಗಳು ಜಪ್ತಿಯಾದವು, ಪ್ರೆಸ್ಸಿನವರು ಎಷ್ಟೋ ದಿನ ಅಲೆದರು. ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಚೆನ್ನಾಗಿಯೇ ಮಾತಾಡಿಸುತ್ತಾರೆ. ಕೆಲಸ ಮಾತ್ರ ಕೊಟ್ಟಿಲ್ಲ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಲಿಲ್ಲ. 46 ಹೊಡೆದುಹಾಕಿ 30 ಬರೆದೆ. ಅವರು ಇಣುಕಿ ನೋಡಿದರು. "ವಿನ್ಯಾಸಕ್ಕೆ ಯಾಕ್ರೀ ಕಡಿಮೆ ಮಾಡಿದ್ರಿ? ಸುಳ್ಳಿಗೆ ನಾನು ಕಳೀತೀನಲ್ಲ."

"ಹೆಸರಿಲ್ಲ ಸಾರ್."

"ಹೆಸರು ವಿಷಯಕ್ಕೆ ಸೇರಿದ್ದು. ಅದು ನನ್ನ ಖಾತೆ."

"ಕಾನೂನಿನಲ್ಲಿ ಹೆಸರು ಕರಪತ್ರದ ಮುಖದ ಮೇಲೇ ಇರಬೇಕು ಅಂತಿದೆ. ಎಲ್ಲಿರಬೇಕು ಅನ್ನೋದು ವಿನ್ಯಾಸ ತಾನೇ?"

ಇದರ ಮೇಲೆ ಇಪ್ಪತ್ತು ನಿಮಿಷ ವಾದ ನಡೆಯಿತು. ಇದು ಚುನಾವಣೆಯ ಕರಪತ್ರವಲ್ಲ, ಮಕ್ಕಳ ಸ್ಪರ್ಧೆ, ಹೆಸರು ಕಡ್ಡಾಯ ಅಂತ ನಿಯಮದಲ್ಲೇ ಇಲ್ಲ ಅಂತ ಮೇಡಂ ನಡುವೆ ಬಂದರು. ಅವರು ಹೇಳಿದ್ದೂ ಸರಿಯೇ. ಕೊನೆಗೆ 38ಕ್ಕೆ ರಾಜಿಯಾದೆವು.

ಮೂಲೆಯಲ್ಲಿ ಒಂಬತ್ತನೆಯ ನಂಬರಿನ ಹಾಳೆ ಇತ್ತು. ಬೆಳಕಿದ್ದಾಗ ಹತ್ತಡಿಯಿಂದ ನೋಡಿ ನಾನು ಅದಕ್ಕೆ 12 ಕೊಟ್ಟು ಮುಂದೆ ಹೋಗಿದ್ದೆ. ಚಿತ್ರವಿಲ್ಲ, ಬಣ್ಣವಿಲ್ಲ, ನೀಲಿ ಬಾಲ್‌ಪೆನ್ನಿನಲ್ಲಿ ಒತ್ತೊತ್ತಾಗಿ ಇಡೀ ಹಾಳೆ ತುಂಬಾ ಬರಹ. ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಇಂಗ್ಲಿಷಿಗಿಂತ ಹೆಚ್ಚು ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ನೇತಾಡುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ. ಇಲ್ಲಿ ಎರಡೂ ಡಿಕ್ಕಿ ಹೊಡೆದಿದ್ದವು. 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ 'ನೀತಿ'ಯ ತಲೆಯ ಮೇಲೆ ಕೂತು, ಎರಡನ್ನೂ ಬಿಡಿಸಿ ಓದಲು ಬೆರಳಿಟ್ಟು ಹೋಗಬೇಕಾಯಿತು.

ಬೆರಳಿಟ್ಟೇ ಓದಿದೆ. ಊರಿನ ಹಳ್ಳಕ್ಕೆ ಕಾಲುಸಂಕ ಕೇಳಿದ ಕಥೆ. ಪ್ರತಿ ಮಳೆಗಾಲಕ್ಕೆ ಊರವರೇ ಅಡಿಕೆ ಮರ ಕಡಿದು ಜೋಡಿಸಿ ಕಟ್ಟುವ ಸಂಕ. ಬರೆದ ಹುಡುಗಿ ಎರಡು ಗ್ರಾಮಸಭೆಗೆ ಹೋಗಿದ್ದಾಳೆ. ತಾರೀಕು ಹಾಕಿದ್ದಾಳೆ. ತಾನು ಕೇಳಿದ್ದೇನು, ಅಧ್ಯಕ್ಷರು ಹೇಳಿದ್ದೇನು, ಕಾರ್ಯದರ್ಶಿ ಯಾವ ರಿಜಿಸ್ಟರ್ ತೋರಿಸಿದರು, ಎಲ್ಲ ಇದೆ. ಒಂದು ಕಡೆ ಹೀಗಿತ್ತು: 'ಹಳ್ಳದ ಆಚೆ ದಡ ಅರಣ್ಯ ಇಲಾಖೆಯದ್ದು ಎಂದು ಅಧ್ಯಕ್ಷರು ಹೇಳಿದರು. ನಾನು ನಂಬಿರಲಿಲ್ಲ. ನಕ್ಷೆ ನೋಡಿದೆ. ಅವರು ಹೇಳಿದ್ದು ನಿಜ. ಆದರೆ ಅನುಮತಿಗೆ ಅರ್ಜಿ ಹಾಕಿದ್ದೇವೆ ಎಂದದ್ದು ನಿಜವಲ್ಲ.' ಟಾರ್ಚು ಹಿಡಿದ ಕೈ ನೋಯುತ್ತಿದ್ದರೂ ಆ ಸಾಲನ್ನು ಇನ್ನೊಮ್ಮೆ ಓದಿದೆ. ಎದುರಾಳಿಯ ಮಾತಲ್ಲಿ ಇಷ್ಟು ಸರಿ, ಇಷ್ಟು ತಪ್ಪು ಅಂತ ಬಿಡಿಸಿ ಹೇಳುವ ಮ್ಯಾಟರು ನನ್ನ ಅಂಗಡಿಗೆ ಒಂದಾದರೂ ಬಂದ ನೆನಪಿಲ್ಲ. ಕೆಳಗೆ ಅವಳ ಹೆಸರು, ತರಗತಿ, ಊರು. 'ತಪ್ಪಿದ್ದರೆ ತಿಳಿಸಿ.'

ವಿನ್ಯಾಸಕ್ಕೆ 12 ಇದ್ದದ್ದನ್ನು 25 ಮಾಡಿದೆ. ಅದಕ್ಕಿಂತ ಹೆಚ್ಚು ಕೊಡಲು ಕೈ ಬರಲಿಲ್ಲ. ಓದಲಾಗದ್ದು ಓದಲಾಗದ್ದೇ. ಮೇಷ್ಟ್ರು ವಿಷಯಕ್ಕೆ 47 ಕೊಟ್ಟರು. ಕಾಗೋಡಿನ ಹುಡುಗರು ಮೊದಲು ಬಂದರು. ಅದರಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಮುಖ್ಯಮಂತ್ರಿಗಳಿಗೆ ಎರಡನೆಯದು, ಕಾಲುಸಂಕಕ್ಕೆ ಮೂರನೆಯದು. ಸಿಂಗಳೀಕದ ತಂಡ ಮುಖ ಊದಿಸಿಕೊಂಡಿತು. ಅಣೆಕಟ್ಟಿನ ತಪ್ಪನ್ನು ಮೇಷ್ಟ್ರು ಅವರಿಗೆ ನಕ್ಷೆ ಬರೆದು ತೋರಿಸಿದರು, ಕೇಳಿಸಿಕೊಂಡರೋ ಇಲ್ಲವೋ.

ಹೊರಡುವಾಗ ಆ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಪ್ರಮಾಣಪತ್ರ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳುತ್ತಾ, "ಸಾರ್, ಇದನ್ನ ಕಾಲೇಜಿನ ಮೊಗಸಾಲೆಯಲ್ಲಿ ಒಂದು ತಿಂಗಳು ಹಾಕ್ತಾರಂತೆ. ಹೆಸರು ಹಾಕಿದ್ದಕ್ಕೆ ಅಪ್ಪಯ್ಯ ಬೈದಿದಾರೆ, ಪಂಚಾಯ್ತಿಲಿ ನಮ್ಮದೇ ಒಂದು ಕೆಲಸ ಬಾಕಿ ಇದೆ. ಹೆಸರು ಅಳಿಸಿದ್ರೆ ನಡೀತದಾ?" ಅಂತ ಕೇಳಿದಳು.

ಏನು ಹೇಳಲಿ? ಅಳಿಸಬೇಡ ಅನ್ನಲು ಬಾಯಿ ಬರಲಿಲ್ಲ, ಅಳಿಸು ಅನ್ನಲೂ ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಬಸ್ಸಿನ ಟಿಕೆಟಿನ ಹಿಂದೆ ಎರಡು ಸಾಲು ಗೀಚಿ, "ನೋಡಮ್ಮ, ಒತ್ತಿಗೂ ಗುಡಿಸಿಗೂ ನಡುವೆ ಇಷ್ಟು ಜಾಗ ಬಿಡು, ಓದೋರಿಗೆ ಸುಲಭ" ಅಂದೆ. ಅವಳು ಟಿಕೆಟು ಇಸಿದುಕೊಂಡಳು. ನನ್ನ ಬಸ್ಸು ಬಂತು.

ಹತ್ತು ದಿನದ ಮೇಲೆ ಮೇಡಂ ವಾಟ್ಸಾಪಿನಲ್ಲಿ ಮೊಗಸಾಲೆಯ ಫೋಟೋ ಕಳಿಸಿದ್ದರು. ಒಂಬತ್ತನೆಯ ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. ಪೂರ್ತಿ ಹೊಸದಾಗಿ ಬರೆದಿದ್ದಳು. ಒತ್ತು, ಗುಡಿಸು ಎಲ್ಲೂ ತಾಗಿರಲಿಲ್ಲ. ಜಾಗ ಬಿಟ್ಟು ಬರೆದದ್ದಕ್ಕೆ ಬರಹ ಹಾಳೆಯ ಅಂಚಿನವರೆಗೂ ಇಳಿದು, ಕೆಳಗೆ ಒಂದು ಸಾಲಿಗೂ ಎಡೆ ಉಳಿದಿರಲಿಲ್ಲ. ಹೆಸರನ್ನು ಮೇಲಕ್ಕೆ ತಂದು, ತಲೆಬರಹದ ಕೆಳಗೇ ಬರೆದಿದ್ದಳು.